ಎಷ್ಟೋ ತಿಂಗಳು ನಿಂತಿದ್ದ 15 ಎಚ್‌ಪಿ ಔಟ್‌ಬೋರ್ಡ್ (ದೋಣಿ ಹಿಂದೆ ಹಾಕೋ ಇಂಜಿನ್) ಸ್ಟಾರ್ಟೇ ಆಗ್ತಿಲ್ಲ, ಎಲ್ಲಿಂದ ನೋಡ್ಲಿ?

ದೋಣಿಪ್ರೇಮಿ:
ಎಲ್ರಿಗೂ ನಮಸ್ಕಾರ. ನನ್ ಹತ್ರ 15 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇದೆ, ಎರಡು ಸಿಲಿಂಡರು, ಒಂದೇ ಕಾರ್ಬುರೇಟರು (ಪೆಟ್ರೋಲು ಗಾಳಿ ಬೆರೆಸೋದು), ಹಗ್ಗ ಎಳೆದು ಸ್ಟಾರ್ಟ್ ಮಾಡೋದು. ಎಷ್ಟೋ ತಿಂಗಳಿಂದ ಶೆಡ್ಡಲ್ಲೇ ನಿಂತಿತ್ತು, ನಿಲ್ಸೋವಾಗ ಚೆನ್ನಾಗೇ ಓಡ್ತಿತ್ತು. ಈಗ ಎಳೆದು ಎಳೆದು ಭುಜ ನೋಯ್ತಿದೆ ಹೊರತು ಇಂಜಿನ್ ಒಂದ್ ಸಲಾನೂ ಕೆಮ್ತಿಲ್ಲ. ಹೊಸ ಸ್ಪಾರ್ಕ್ ಪ್ಲಗ್ ಹಾಕಾಯ್ತು, ಟ್ಯಾಂಕಿಗೆ ಹೊಸ ಪೆಟ್ರೋಲು ಆಯಿಲು ಮಿಕ್ಸ್ ಮಾಡಿ ಹಾಕಾಯ್ತು. ಮೆಕ್ಯಾನಿಕ್ ಒಬ್ರು ಬಿಚ್ಚಿ ನೋಡ್ದೇನೇ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡ್ಸೋ ಎಲೆಕ್ಟ್ರಾನಿಕ್ ಡಬ್ಬಿ) ಹೋಗಿದೆ ಅದನ್ನೇ ಬದಲಾಯಿಸ್ಬೇಕು ಅಂತಾರೆ. ಅಷ್ಟು ದುಡ್ಡು ಹಾಕೋ ಮುಂಚೆ ನಾನೇ ಏನಾದ್ರೂ ನೋಡ್ಬೋದಾ?

ಸ್ಪ್ಯಾನರ್‌ಕೈ:
ನೋಡ್ಬೋದು, ನೋಡ್ಲೇಬೇಕು. ಸಿಡಿಐ ವಿಷಯ ಕೊನೆಗಿರ್ಲಿ. ಮೊದ್ಲು ಇಂಜಿನ್ ನಿಲ್ಸೋ ಕಿಲ್ ಸ್ವಿಚ್ಚಿನ ಕೆಂಪು ಹಗ್ಗದ ಕ್ಲಿಪ್ಪು ಪೂರ್ತಿ ಒಳಗೆ ಕೂತಿದ್ಯಾ, ಗೇರು ನ್ಯೂಟ್ರಲ್ಲಲ್ಲೇ ಇದ್ಯಾ, ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆಗ್ದಿದೀರಾ ನೋಡಿ. ಆಮೇಲೆ ಪೈಪಲ್ಲಿರೋ ರಬ್ಬರ್ ಬಲ್ಬನ್ನ ಬಾಣದ ಗುರುತು ಮೇಲ್ಮುಖ ಆಗೋ ಹಾಗೆ ಹಿಡ್ಕೊಂಡು ಒತ್ತಿ, ಗಟ್ಟಿ ಆಗ್ಬೇಕು. ಎಷ್ಟೊತ್ತು ಒತ್ತಿದ್ರೂ ಮೆತ್ತಗೇ ಇದ್ರೆ ಬಲ್ಬಿನ ವಾಲ್ವ್ ಹೋಗಿದೆ ಅಥ್ವಾ ಎಲ್ಲೋ ಗಾಳಿ ಎಳೀತಿದೆ, ಇಂಜಿನ್ನಿಗೆ ಸಿಗ್ಸೋ ಕನೆಕ್ಟರಿನ ಓ ರಿಂಗು (ರಬ್ಬರ್ ಬಳೆ) ತುಂಬಾ ಸಲ ಕೈ ಕೊಡೋದು.

ಇದೆಲ್ಲ ಸರಿ ಇದ್ರೆ ಚೋಕ್ ಎಳ್ಕೊಂಡು ನಾಲ್ಕೈದು ಸಲ ಹಗ್ಗ ಎಳೆದು ತಕ್ಷಣ ಎರಡೂ ಪ್ಲಗ್ ಬಿಚ್ಚಿ ತುದಿ ನೋಡಿ. ಒದ್ದೆ ಇದ್ರೆ ಪೆಟ್ರೋಲ್ ಬರ್ತಿದೆ, ಕಿಡಿ ಇಲ್ಲ ಅಥ್ವಾ ಜಾಸ್ತಿ ಪೆಟ್ರೋಲ್ ಕುಡ್ದಿದೆ. ಪೂರ್ತಿ ಒಣಗಿದ್ರೆ ಪೆಟ್ರೋಲೇ ತಲುಪ್ತಿಲ್ಲ. ಯಾವ ಕಡೆ ಹುಡುಕ್ಬೇಕು ಅಂತ ಪ್ಲಗ್ಗೇ ಹೇಳುತ್ತೆ, ಅದನ್ನ ಕೇಳ್ದೇ ಪಾರ್ಟ್ ಬದಲಾಯ್ಸೋದು ದುಡ್ಡು ದಂಡ.

ದೋಣಿಪ್ರೇಮಿ:
ಥ್ಯಾಂಕ್ಸ್ ಸರ್. ಕ್ಲಿಪ್ಪು, ನ್ಯೂಟ್ರಲ್ಲು, ಗಾಳಿ ಸ್ಕ್ರೂ ಎಲ್ಲಾ ಸರಿ ಇದೆ. ಬಲ್ಬು ಕಲ್ಲಿನ ಥರ ಗಟ್ಟಿ ಆಗುತ್ತೆ. ಆದ್ರೆ ಎರಡೂ ಪ್ಲಗ್ ಒಣಗಿವೆ, ಪೆಟ್ರೋಲ್ ವಾಸ್ನೆ ಕೂಡ ಇಲ್ಲ.

ಅಲೆಗಾರ:
ಕಾರ್ಬುರೇಟರ್ ಬಾಯಿಗೆ ಸ್ವಲ್ಪ ಸ್ಟಾರ್ಟಿಂಗ್ ಸ್ಪ್ರೇ ಹೊಡೀರಿ ಗುರೂ, ಸ್ಟಾರ್ಟ್ ಆದ್ರೆ ಆದಂಗೆ.

ಸ್ಪ್ಯಾನರ್‌ಕೈ:
ಟೂ ಸ್ಟ್ರೋಕಿಗೆ ದಯವಿಟ್ಟು ಅದು ಬೇಡ. ಈ ಇಂಜಿನ್ನಿಗೆ ಆಯಿಲ್ ಸಿಗೋದೇ ಪೆಟ್ರೋಲ್ ಜೊತೆ, ಸ್ಪ್ರೇನಲ್ಲಿ ಆಯಿಲ್ ಇರಲ್ಲ, ಮೇಲಿಂದ ಇರೋ ಆಯಿಲನ್ನೂ ತೊಳೆದು ಹಾಕುತ್ತೆ, ಪಿಸ್ಟನ್ನು ಸಿಲಿಂಡರ್ ಗೋಡೆಗೆ ಒಣಗಿದ್ದೇ ಉಜ್ಜುತ್ತೆ. ಅದರ ಬದಲು ಆಯಿಲ್ ಮಿಕ್ಸ್ ಮಾಡಿರೋ ಪೆಟ್ರೋಲನ್ನೇ ಅರ್ಧ ಚಮಚದಷ್ಟು ಪ್ಲಗ್ ತೂತಿಗೆ ಬಿಟ್ಟು ಪ್ಲಗ್ ಟೈಟ್ ಮಾಡಿ ಎಳೀರಿ. ಎರಡು ಮೂರು ಸೆಕೆಂಡ್ ಗುರ್ ಅಂದು ನಿಂತೋದ್ರೆ ಕಿಡಿ ಇದೆ, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಇದೆ, ತೊಂದ್ರೆ ಕಾರ್ಬುರೇಟರಲ್ಲಿ ಅಂತ ಲೆಕ್ಕ.

ನೀರ್‌ಮೇಲೆ:
ಅದಕ್ಕೂ ಮುಂಚೆ ಕಿಡೀನೂ ಒಂದ್ ಸಲ ನೋಡ್ಬಿಡಿ, ಆಗ ಮೆಕ್ಯಾನಿಕ್ ಹೇಳಿದ ಸಿಡಿಐ ಮಾತು ಅಲ್ಲಿಗೇ ಮುಗಿಯುತ್ತೆ. ಪ್ಲಗ್ಗನ್ನ ಕ್ಯಾಪಿಗೆ ಸಿಗ್ಸಿ ಅದರ ಲೋಹದ ಮೈನ ಇಂಜಿನ್ನಿನ ಬಣ್ಣ ಇಲ್ದಿರೋ ಜಾಗಕ್ಕೆ ಗಟ್ಟಿಯಾಗಿ ತಾಗ್ಸಿ, ಎರಡನ್ನೂ ಹೀಗೇ ತಾಗಿಸಿಟ್ಟು ಎಳೀರಿ, ಗಾಳಿಗೆ ಬಿಟ್ಟು ಎಳೆದ್ರೆ ಚೆನ್ನಾಗಿರೋ ಇಗ್ನಿಷನ್ ಕಾಯಿಲ್ಲೂ ಸಿಡಿಐನೂ ಹಾಳಾಗೋ ಚಾನ್ಸ್ ಇದೆ. ತೆರೆದಿರೋ ಪ್ಲಗ್ ತೂತಿನ ಹತ್ರ ಮಾತ್ರ ಇಡ್ಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತೆ, ಬೆಂಕಿ ಹತ್ಕೊಳ್ಳುತ್ತೆ. ನೀಲಿ ಬಣ್ಣದ ದಪ್ಪ ಕಿಡಿ ಟಕ್ ಟಕ್ ಅಂತ ಬಂದ್ರೆ ಒಳ್ಳೇದು. ಒಂದಕ್ಕೆ ಮಾತ್ರ ಇಲ್ಲ ಅಂದ್ರೆ ಆ ಕಡೆ ಪ್ಲಗ್ಗು, ಕ್ಯಾಪು, ಕಾಯಿಲು ನೋಡಿ. ಎರಡಕ್ಕೂ ಇಲ್ಲ ಅಂದ್ರೆ ಸ್ಟಾಪ್ ಬಟನ್ನಿಂದ ಬರೋ ವೈರು ಇಂಜಿನ್ ಹತ್ರ ಸಿಗಿಸಿರ್ತಾರಲ್ಲ ಅದನ್ನ ಬಿಡ್ಸಿ ಇನ್ನೊಂದ್ ಸಲ ಎಳೀರಿ, ಕಿಡಿ ಬಂದ್ರೆ ಸ್ವಿಚ್ಚು ಒಳಗೆ ತುಕ್ಕು ಹಿಡಿದು ಶಾರ್ಟ್ ಆಗಿದೆ ಅಷ್ಟೇ. ಉಪ್ಪು ನೀರಲ್ಲಿ ಓಡೋ ಇಂಜಿನ್ನಿಗೆ ಇದು ಮಾಮೂಲಿ. ನೀರಿಗೆ ಇಳಿಯೋ ಮುಂಚೆ ಆ ವೈರ್ ವಾಪಸ್ ಸಿಗಿಸ್ಲೇಬೇಕು, ಇಲ್ದಿದ್ರೆ ನೀವು ದೋಣಿಯಿಂದ ಬಿದ್ರೂ ಇಂಜಿನ್ ನಿಲ್ಲಲ್ಲ.

ದೋಣಿಪ್ರೇಮಿ:
ಎರಡಕ್ಕೂ ನೀಲಿ ಕಿಡಿ ಚೆನ್ನಾಗಿ ಬರ್ತಿದೆ! ಅರ್ಧ ಚಮಚ ಬಿಟ್ಟು ಎಳೆದ್ರೆ ಗುರ್ರ್ ಅಂತ ಸದ್ದು ಮಾಡಿ ನಿಂತೋಯ್ತು. ಅಂದ್ರೆ ಕಾರ್ಬುರೇಟರ್ ತಾನೆ?

ಸ್ಪ್ಯಾನರ್‌ಕೈ:
ಹೌದು. ಕಾರ್ಬುರೇಟರ್ ಕೆಳಗಿನ ಬೌಲ್ (ಪೆಟ್ರೋಲ್ ನಿಲ್ಲೋ ಬಟ್ಟಲು) ಬಿಚ್ಚೋವಾಗ ಒಳಗಿರೋದನ್ನ ಚೆಲ್ಬೇಡಿ, ಗಾಜಿನ ಲೋಟಕ್ಕೆ ಹಿಡ್ಕೊಂಡು ಸ್ವಲ್ಪ ಹೊತ್ತು ಬಿಡಿ. ನೀರಿದ್ರೆ ತಳದಲ್ಲಿ ಬೇರೆಯಾಗಿ ಕೂತ್ಕೊಳ್ಳುತ್ತೆ, ಗೆರೆ ಎಳೆದಂಗೆ ಕಾಣುತ್ತೆ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಇದ್ರೆ ಅದು ಗಾಳಿಯಿಂದ ತೇವ ಎಳ್ಕೊಳ್ಳುತ್ತೆ, ಜಾಸ್ತಿ ಆದಾಗ ನೀರಿನ ಜೊತೆ ತಳಕ್ಕೆ ಇಳಿಯುತ್ತೆ. ಪೆಟ್ರೋಲ್ ಆರಿ ಹೋಗಿದ್ರೆ ಅಂಟು ಮಾತ್ರ ಉಳಿದಿರುತ್ತೆ. ಆ ಅಂಟೇ ಜೆಟ್ಟುಗಳ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಸ್ಕ್ರೂಗಳು) ತೂತು ಮುಚ್ಚೋದು, ಬೌಲಿಗೆ ಪೆಟ್ರೋಲ್ ಬಿಡೋ ಫ್ಲೋಟಿನ ಸೂಜೀನೂ ಅಂಟಿಸಿಬಿಡೋದು, ಸೂಜಿ ಅಂಟಿದ್ರೆ ಬಲ್ಬು ಎಷ್ಟೇ ಗಟ್ಟಿ ಆದ್ರೂ ಬೌಲಿಗೆ ಒಂದು ಹನಿ ಬರಲ್ಲ.

ಜೆಟ್ ಬಿಚ್ಚಿ ಬೆಳಕಿಗೆ ಹಿಡೀರಿ, ಸಣ್ಣ ಜೆಟ್ಟಿನಲ್ಲೂ ದುಂಡಗೆ ಬೆಳಕು ಕಾಣ್ಬೇಕು. ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಬಿಡಿ, ಕಬ್ಬಿಣದ ಸೂಜಿ ಚುಚ್ಚಿದ್ರೆ ತೂತು ದೊಡ್ಡದಾಗಿ ಮಿಕ್ಸ್ಚರೇ ಕೆಡುತ್ತೆ. ಪಕ್ಕದ ಐಡಲ್ ಸ್ಕ್ರೂ ತೆಗೆಯೋ ಮುಂಚೆ ಪೂರ್ತಿ ಮೆಲ್ಲಗೆ ಟೈಟ್ ಮಾಡ್ತಾ ಎಷ್ಟು ಸುತ್ತು ಅಂತ ಎಣಿಸ್ಕೊಳ್ಳಿ, ವಾಪಸ್ ಅಷ್ಟೇ ಸುತ್ತು ಬಿಡ್ಬೇಕಲ್ಲ.

ದೋಣಿಪ್ರೇಮಿ:
ಆಯ್ತು ಸರ್! ಬೌಲ್ ಪೂರ್ತಿ ಒಣಗಿ ತಳದಲ್ಲಿ ಹಸಿರು ಹಸಿರು ಅಂಟು ಇತ್ತು, ಸೂಜಿ ಮೇಲೇ ಅಂಟ್ಕೊಂಡಿತ್ತು, ಚಿಕ್ಕ ಜೆಟ್ಟಲ್ಲಿ ಬೆಳಕೇ ಕಾಣ್ತಿರ್ಲಿಲ್ಲ. ತೊಳೆದು ಜೋಡ್ಸಿದ್ಮೇಲೆ ಸ್ಟಾರ್ಟ್ ಆಯ್ತು, ಶೆಡ್ಡಲ್ಲೇ ಸ್ವಲ್ಪ ಹೊತ್ತು ಓಡ್ಸಿ ನೋಡ್ಬೋದಾ?

ನೀರ್‌ಮೇಲೆ:
ನೀರಿಲ್ದೇ ಬೇಡ! ಇಂಪೆಲ್ಲರ್ (ಇಂಜಿನ್ ತಂಪು ಮಾಡೋ ನೀರು ಎಳೆಯೋ ಚಕ್ರ) ರಬ್ಬರ್ರು, ಒಣಗಿದ್ದೇ ತಿರುಗಿದ್ರೆ ಬೇಗ ಸುಟ್ಟೋಗುತ್ತೆ. ಹೊಗೆಗೆ ಶೆಡ್ಡೂ ಬೇಡ, ಹೊರಗೆ ತನ್ನಿ. ಕೆಳಗಿನ ಭಾಗ ನೀರು ಎಳ್ಕೊಳ್ಳೋ ಜಾಲರಿಗಿಂತ ಮೇಲಿನವರೆಗೂ ಮುಳುಗೋ ಹಾಗೆ ದೊಡ್ಡ ಡ್ರಮ್ಮಲ್ಲಿಟ್ಟು ನ್ಯೂಟ್ರಲ್ಲಲ್ಲೇ ಸ್ಟಾರ್ಟ್ ಮಾಡಿ, ಪಕ್ಕದ ತೂತಿಂದ ನೀರು ಚಿಮ್ತಿದ್ಯಾ ನೋಡಿ. ಚಿಮ್ಮದಿದ್ರೆ ತಕ್ಷಣ ಆಫ್ ಮಾಡಿ ಇಲ್ಲಿ ಹೇಳಿ.