‘ಟೆರಿಟರಿ’ಗೆ ‘ಕಾವಲು’ ಎನ್ನಬಹುದೇ?

ರಾಮನಗರದ ಬೆಟ್ಟಗಳಲ್ಲಿ ಕಾಣುವ ಬಂಡೆ ಓತಿಯ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿರುವ ಲೇಖನವೊಂದರಲ್ಲಿ ‘ಟೆರಿಟರಿ’ (ಪ್ರಾಣಿಯು ತನ್ನದೆಂದು ಕಾಯುವ ಜಾಗ) ಎಂಬ ಮಾತಿಗೆ ತಕ್ಕ ಕನ್ನಡ ಸಿಗದೆ ನಿಂತಿದ್ದೇನೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲು ಪ್ರಾಣಿಯ ನಡವಳಿಕೆಯನ್ನು ಹೇಳುತ್ತೇನೆ, ಪದ ಅದಕ್ಕೆ ಹೊಂದಬೇಕಲ್ಲ. ಮರಿ ಮಾಡುವ ಕಾಲದಲ್ಲಿ ಬೆನ್ನು ಕೆಂಪಾಗಿ, ಪಕ್ಕೆ ಕಪ್ಪಾಗಿ ಹೊಳೆಯುವ ಗಂಡು ಓತಿ ಬಂಡೆಯ ನೆತ್ತಿಯ ಮೇಲೆ ಬಿಸಿಲಿಗೆ ಕೂರುತ್ತದೆ. ಇನ್ನೊಂದು ಗಂಡು ಹತ್ತಿರ ಬಂದರೆ ಗರಡಿಯಲ್ಲಿ ದಂಡ ಹೊಡೆಯುವವರಂತೆ ಮುಂಗಾಲುಗಳ ಮೇಲೆ ಮೈಯನ್ನು ಎತ್ತಿ ಇಳಿಸುತ್ತದೆ. ನೋಡನೋಡುತ್ತಿದ್ದಂತೆ ಅದರ ಬಣ್ಣವೂ ಬದಲಾಗುತ್ತದೆ. ಬಂದದ್ದು ಅಷ್ಟಕ್ಕೂ ಜಗ್ಗದಿದ್ದರೆ ಅಟ್ಟಿಸಿಕೊಂಡು ಹೋಗುತ್ತದೆ. ಕಂದು ಮಚ್ಚೆಯ ಹೆಣ್ಣುಗಳನ್ನು ಮಾತ್ರ ಹಾಗೆ ಓಡಿಸುವುದಿಲ್ಲ. (ಇದರ ಕುಲದ ಹೆಸರು ‘ಸ್ಯಾಮೋಫಿಲಸ್’, ಅಂದರೆ ಗ್ರೀಕಿನಲ್ಲಿ ಮರಳನ್ನು ಮೆಚ್ಚುವುದು. ಬಂಡೆಯನ್ನೇ ನಂಬಿದ ಜೀವಿಗೆ ಈ ಹೆಸರು ಸಲ್ಲದು ಎಂದೇ ನನ್ನ ಭಾವನೆ.)

ಸರಹದ್ದು, ಗಡಿ, ಎಲ್ಲೆ, ಮೇರೆ ಎಂಬ ಪದಗಳೆಲ್ಲ ಮುಖ್ಯವಾಗಿ ಅಂಚಿನ ಗೆರೆಯನ್ನು ಹೇಳುತ್ತವೆ. ಒಳಗಿನ ನೆಲ ಅವುಗಳಲ್ಲಿ ಮಸುಕಾಗುತ್ತದೆ. ‘ಪ್ರದೇಶ’, ‘ಕ್ಷೇತ್ರ’ ಎಂದರೆ ನೆಲವುಂಟು, ಅದನ್ನು ಕಾಯುವ ಭಾವವಿಲ್ಲ. ಪತ್ರಿಕೆಗಳು ಹುಲಿಗೆ ಬಳಸುವ ‘ಸಾಮ್ರಾಜ್ಯ’ ನಾಲ್ಕಾರು ಬಂಡೆಗಳ ಒಡೆಯನಿಗೆ ಅತಿಯಾಯಿತು. ಮೇಲಾಗಿ ಪ್ರಾಣಿಯು ಮೇವಿಗಾಗಿ ಸುತ್ತಾಡುವ ಜಾಗ ಬೇರೆ, ತನ್ನ ಜಾತಿಯ ಇನ್ನೊಂದನ್ನು ಒಳಗೆ ಬಿಡದೆ ಕಾಯುವ ಜಾಗ ಬೇರೆ. ಮೊದಲನೆಯದಕ್ಕೆ ‘ಓಡಾಟದ ಹರವು’ ಎಂದರೆ ಸಾಕು. ಎರಡನೆಯದಕ್ಕೇ ಪದ ಬೇಕು.

ಅದಕ್ಕೆ ‘ಕಾವಲು’ ಎನ್ನಬಹುದೇ? ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುನೆಲಗಳಿಗೆ ಕಾವಲು ಎಂದೇ ಹೆಸರು. ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಕಾವಲು ಈಗಲೂ ಇದೆ. ಕಾಯುವ ಕೆಲಸದ ಹೆಸರೇ ಅಲ್ಲಿ ಕಾಯ್ದ ನೆಲದ ಹೆಸರಾಗಿದೆ. ನಾವು ದಿನವೂ ಬಳಸುವ ‘ಹುಲ್ಲುಗಾವಲು’ ಎಂಬುದರಲ್ಲೂ ಇರುವುದು ಇದೇ ಕಾವಲು. ಕೆಲಸ, ನೆಲ ಎರಡನ್ನೂ ಒಂದೇ ಪದ ಹೊರುವುದರಿಂದ ಓತಿಗೆ ಇದು ಒಪ್ಪುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ತೊಡಕುಗಳೂ ಇವೆ. ‘ಗಂಡು ಓತಿ ತನ್ನ ಕಾವಲಿಗೆ ಇನ್ನೊಂದು ಗಂಡನ್ನು ಬಿಡುವುದಿಲ್ಲ’ ಎಂದು ಬರೆದರೆ ಓದುವವರಿಗೆ ಪಹರೆ ಎಂಬ ಅರ್ಥವೇ ಮೊದಲು ಹೊಳೆಯಬಹುದು. ದೋಸೆ ಹೊಯ್ಯುವ ಹಂಚನ್ನು ಕಾವಲಿ ಎನ್ನುವ ಕಡೆಗಳಲ್ಲಿ ‘ಕಾವಲಿಗೆ’ ಎಂಬ ರೂಪ ಇನ್ನೂ ಗೊಂದಲ ತರಬಹುದು. ‘ಕಾವಲುನೆಲ’ ಎಂದು ಸಮಾಸ ಮಾಡಿದರೆ ಈ ಎರಡೂ ತೊಡಕು ನೀಗುತ್ತವೆಯೇ? ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಕಾಯ್ದಿಟ್ಟ ನೆಲಕ್ಕೆ ಬೇರೆ ಆಡುಮಾತು ಬಳಕೆಯಲ್ಲಿದ್ದರೆ, ಅದನ್ನು ಒಂದು ವಾಕ್ಯದಲ್ಲಿ ಬಳಸಿ ತಿಳಿಸಬೇಕೆಂದು ಕೋರುತ್ತೇನೆ.