ಹಡಗಿಗೊಂದು ನ್ಯಾಯ, ಬೇಲಿಗೊಂದು ನ್ಯಾಯವಾ?

ಕರಡುಪ್ರತಿ ಕೇಳಿದ್ದು:

ಮೂಟ್ ಕೋರ್ಟ್‌ಗೆ (ಕಾನೂನು ವಿದ್ಯಾರ್ಥಿಗಳ ಅಣಕು ಕೋರ್ಟಿನ ಸ್ಪರ್ಧೆ) ತಯಾರಿ ಮಾಡುತ್ತಿದ್ದೇನೆ. ಇನ್ನು ಹನ್ನೆರಡು ದಿನ ಉಳಿದಿದೆ. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ಕೋರ್ಟಿನ ಎರಡು ತೀರ್ಪುಗಳ ಮಧ್ಯೆ ಸಿಕ್ಕಿಕೊಂಡು ಒದ್ದಾಡುತ್ತಿದ್ದೇನೆ.

ಒಂದು 2012ರ ಹಿರ್ಸಿ ಜಮಾ ಕೇಸು. ದೋಣಿಯಲ್ಲಿ ಬರುತ್ತಿದ್ದವರನ್ನು ಇಟಲಿಯವರು ತಮ್ಮ ಹಡಗಿಗೆ ಹತ್ತಿಸಿಕೊಂಡು ಲಿಬಿಯಾಕ್ಕೆ ವಾಪಸ್ ಬಿಟ್ಟರು. ಕೋರ್ಟು ತಪ್ಪು ಎಂದಿತು. ಇನ್ನೊಂದು 2020ರ ಎನ್.ಡಿ. ಮತ್ತು ಎನ್.ಟಿ. ಕೇಸು. ಆಫ್ರಿಕದ ದಡದಲ್ಲಿ ಮೊರೊಕ್ಕೊಗೆ ಅಂಟಿಕೊಂಡಿರುವ ಸ್ಪೇನಿನ ಊರು ಮೆಲಿಲ್ಲಾದ ಗಡಿ ಬೇಲಿಯಿಂದ ಇಳಿದವರ ಕೈಗೆ ಬೇಡಿ ಹಾಕಿ ಸ್ಪೇನಿನವರು ಅಲ್ಲಿಂದಲೇ ಮೊರೊಕ್ಕೊಗೆ ದಾಟಿಸಿದರು. ಕೋರ್ಟು ತಪ್ಪಿಲ್ಲ ಎಂದಿತು. ಎರಡರಲ್ಲೂ ಪ್ರಶ್ನೆ ಎದ್ದದ್ದು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ ಸೇರಿಸಿದ ನಾಲ್ಕನೇ ಪ್ರೋಟೋಕಾಲ್‌ನ 4ನೇ ವಿಧಿಯ ಮೇಲೆ. ಹೊರದೇಶದವರನ್ನು ಗುಂಪಾಗಿ ಹೊರದಬ್ಬಬಾರದು ಎನ್ನುವ ವಿಧಿ ಅದು. ಎರಡೂ ಗ್ರ್ಯಾಂಡ್ ಚೇಂಬರ್, ಅಂದರೆ ಆ ಕೋರ್ಟಿನ ಅತಿ ದೊಡ್ಡ ಪೀಠದ ತೀರ್ಪುಗಳೇ.

'ಕೋರ್ಟು ಸರ್ಕಾರಗಳಿಗೆ ಹೆದರಿತು ಅಷ್ಟೇ' ಎನ್ನುತ್ತಾರೆ ನಮ್ಮ ಸೀನಿಯರ್. ಅದನ್ನು ಜಡ್ಜುಗಳ ಮುಂದೆ ಹೇಳೋಕಾಗುತ್ತಾ? ಗೆಳತಿ 'ಸಮುದ್ರ ಬೇರೆ, ನೆಲ ಬೇರೆ' ಎನ್ನುತ್ತಾಳೆ. ನನಗೆ ಅದು ಉಲ್ಟಾ ಅನ್ನಿಸುತ್ತದೆ. ಸ್ವಂತ ನೆಲದ ಅಂಚಿನಲ್ಲಿ ಹೊಣೆ ಜಾಸ್ತಿ ಇರಬೇಕಲ್ವಾ?

ಹಳೇಲಂಗರು ಬರೆದದ್ದು:

ನಾನು ವಕೀಲನಲ್ಲ. ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆಗಿದ್ದವನು. ಸಮುದ್ರದ ಕಡೆಯ ಮಾತಷ್ಟೇ ಹೇಳುತ್ತೇನೆ.

ಮುಳುಗುತ್ತಿರುವವರನ್ನು ಎತ್ತಿಕೊಳ್ಳಲೇಬೇಕು. ಸಮುದ್ರ ಕಾನೂನಿನ ಒಡಂಬಡಿಕೆಯ 98ನೇ ವಿಧಿ ಅದನ್ನೇ ಹೇಳುತ್ತದೆ. ಆದರೆ ಎತ್ತಿಕೊಂಡ ಮಾತ್ರಕ್ಕೆ ರಕ್ಷಣೆ ಮುಗಿಯುವುದಿಲ್ಲ. ಅವರನ್ನು ಸುರಕ್ಷಿತ ಜಾಗಕ್ಕೆ ಮುಟ್ಟಿಸಿದಾಗ ಮುಗಿಯುತ್ತದೆ. 'ನಾವು ಮಾಡಿದ್ದು ರಕ್ಷಣೆ' ಎಂಬ ಇಟಲಿಯ ವಾದ ಅಲ್ಲೇ ಕುಂಟುತ್ತದೆ.

ಒಮ್ಮೆ ಮೆಡಿಟರೇನಿಯನ್‌ನಲ್ಲಿ ನಾವೂ ಒಂದು ರಬ್ಬರ್ ದೋಣಿಯವರನ್ನು ಹತ್ತಿಸಿಕೊಂಡೆವು. ದೋಣಿಯ ತಳದಲ್ಲಿ ಪೆಟ್ರೋಲು ಉಪ್ಪುನೀರಿನ ಜೊತೆ ಸೇರಿ ಹಲವರ ತೊಡೆಯ ಚರ್ಮ ಸುಲಿದುಹೋಗಿತ್ತು. ಅವರು ಮೊದಲು ನೀರು ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಿದ್ದು, 'ಹಡಗು ಎಲ್ಲಿಗೆ ಹೋಗುತ್ತಿದೆ?' ನಾವು ಹೇಳಿದ್ದನ್ನು ಒಬ್ಬ ಹುಡುಗ ನಂಬಲಿಲ್ಲ. ಡೆಕ್ಕಿನ ಕಂಬಿ ಹಿಡಿದು ನಿಂತು ಸೂರ್ಯನನ್ನೇ ನೋಡುತ್ತಿದ್ದ. ಸಂಜೆ ಬಿಸಿಲು ಎಡಗಡೆಯಿಂದ ಬಿದ್ದರೆ ಹಡಗು ಉತ್ತರಕ್ಕೆ ಹೊರಟಿದೆ ಎಂದರ್ಥ. ಅದು ಖಾತ್ರಿಯಾದ ಮೇಲೆ ಕೂತು ಬಿಸ್ಕೆಟ್ ತಿಂದ.

ಅಡಿಟಿಪ್ಪಣಿ ಬರೆದದ್ದು:

ಯುರೋಪಿನಲ್ಲಿ ಆಶ್ರಯ ಕೋರುವವರಿಗೆ ಅರ್ಜಿ ಬರೆದುಕೊಡುವ ಒಂದು ಕಚೇರಿಯಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ. ಈ ಎರಡು ತೀರ್ಪುಗಳ ಪ್ರತಿ ನನ್ನ ಮೇಜಿನ ಮೇಲೇ ಇರುತ್ತಿತ್ತು.

ಗೆಳತಿಯ ವಾದವನ್ನು ಮೊದಲು ಬದಿಗಿಡಿ. 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಎರಡೂ ಸರ್ಕಾರಗಳು ವಾದಿಸಿದವು. ಆ ಮಾತಿನಲ್ಲಿ ಎರಡೂ ಸೋತವು. 2009ರ ಮೇ 6ರಂದು ಇಟಲಿಯ ಲಾಂಪೆಡೂಸಾ ದ್ವೀಪದಿಂದ 35 ನಾಟಿಕಲ್ ಮೈಲಿ ದಕ್ಷಿಣಕ್ಕೆ, ಮೂರು ದೋಣಿಗಳಲ್ಲಿ ಸುಮಾರು 200 ಜನ ಇದ್ದರು. ಅವರನ್ನು ಸೇನಾ ಹಡಗುಗಳಿಗೆ ಹತ್ತಿಸಿಕೊಂಡು ಹತ್ತು ಗಂಟೆ ಸಾಗಿ ಟ್ರಿಪೋಲಿಯಲ್ಲಿ ಇಳಿಸಿದರು. ಹಡಗು ನಿಮ್ಮದು, ಸಿಬ್ಬಂದಿ ನಿಮ್ಮವರು, ಹತ್ತಿದಾಗಿನಿಂದ ಇಳಿಯುವವರೆಗೆ ಆ ಜನ ನಿಮ್ಮ ಕೈಯಲ್ಲೇ ಇದ್ದರು, ಹಾಗಾಗಿ ಹೊಣೆಯೂ ನಿಮ್ಮದೇ ಎಂದಿತು ಕೋರ್ಟು. ಬೇಲಿಯ ಕೇಸಿನಲ್ಲೂ ಅಷ್ಟೇ. ಬೇಲಿಯಿಂದ ಇಳಿದವರನ್ನು ಹಿಡಿದದ್ದು ಸ್ಪೇನಿನ ಸಿವಿಲ್ ಗಾರ್ಡ್ ಪೊಲೀಸರು. ಅಲ್ಲಿಗೆ ವ್ಯಾಪ್ತಿಯ ಪ್ರಶ್ನೆ ಮುಗಿಯಿತು.

ಹಾಗಾದರೆ ಸ್ಪೇನ್ ಗೆದ್ದದ್ದು ಹೇಗೆ? ಬಾಗಿಲಿನ ಲೆಕ್ಕದಲ್ಲಿ. ಬೆನಿ ಎನ್ಸಾರ್ ಎಂಬ ಗಡಿ ಚೌಕಿ ಇತ್ತು, ಅಲ್ಲಿಗೆ ಹೋಗಿ ಆಶ್ರಯ ಕೇಳಬಹುದಿತ್ತು. ಅದನ್ನು ಬಿಟ್ಟು ಗುಂಪಿನೊಂದಿಗೆ ಬೇಲಿ ಹತ್ತಿದಿರಿ. ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸದೆ ಇದ್ದದ್ದು ನಿಮ್ಮದೇ ನಡತೆಯಿಂದ. ತೀರ್ಪಿನ ತಿರುಳು ಇಷ್ಟೇ. ಸಮುದ್ರದ ಮಧ್ಯೆ ತಟ್ಟಲು ಬಾಗಿಲು ಎಲ್ಲಿದೆ? ಇಟಲಿಯ ಹಡಗಿನಲ್ಲಿ ದುಭಾಷಿ ಇರಲಿಲ್ಲ, ವಕೀಲರಿರಲಿಲ್ಲ. ಯಾರು, ಎಲ್ಲಿಯವರು ಎಂದೂ ವಿಚಾರಿಸಲಿಲ್ಲ.

ಜನ ಗಮನಿಸದೆ ಬಿಡುವ ಇನ್ನೊಂದು ವಿಷಯ ಮಾನವ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿ, ಚಿತ್ರಹಿಂಸೆಯ ನಿಷೇಧ. ಮೆಲಿಲ್ಲಾ ಕೇಸಿನ ಅರ್ಜಿದಾರರಿಬ್ಬರೂ ಅದರ ಅಡಿಯಲ್ಲಿ ಎತ್ತಿದ್ದ ದೂರನ್ನು ಕೋರ್ಟು 2015ರಲ್ಲೇ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ಗ್ರ್ಯಾಂಡ್ ಚೇಂಬರ್ ಮುಂದೆ ಆ ಮಾತೇ ಇರಲಿಲ್ಲ. ಹಿರ್ಸಿಯಲ್ಲಿ 3ನೇ ವಿಧಿ ಎರಡು ಸಲ ಮುರಿದಿದೆ. ಲಿಬಿಯಾದಲ್ಲೇ ಹಿಂಸೆ ಎದುರಾಗುವ ಭಯ ಒಂದು, ಅಲ್ಲಿಂದ ಅವರ ತವರಾದ ಸೊಮಾಲಿಯಾ, ಎರಿಟ್ರಿಯಾಕ್ಕೆ ತಳ್ಳುವ ಭಯ ಇನ್ನೊಂದು. ಈ ವಿಧಿಗೆ ವಿನಾಯಿತಿಯೇ ಇಲ್ಲ. ದೇಶದ ಭದ್ರತೆಯ ನೆಪವೂ ನಡೆಯುವುದಿಲ್ಲ ಎಂದು 1996ರ ಚಾಹಲ್ ಕೇಸಿನಲ್ಲೇ ಹೇಳಿಯಾಗಿದೆ. ನಿಮ್ಮ ಮೂಟ್‌ನ ಕಥೆಯಲ್ಲಿ 3ನೇ ವಿಧಿ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಹಿರ್ಸಿ ಕಡೆ ವಾಲಿ.

ಬಾಗಿಲಿನ ವಾದ ನನಗಂತೂ ಹಿಡಿಸುವುದಿಲ್ಲ. ಬೇಲಿ ಹತ್ತಿದ್ದು 2014ರ ಆಗಸ್ಟ್ 13ರಂದು. ಬೆನಿ ಎನ್ಸಾರ್‌ನಲ್ಲಿ ಆಶ್ರಯ ಕೋರಿಕೆಗೆಂದೇ ಕಚೇರಿ ತೆರೆದದ್ದು ಸೆಪ್ಟೆಂಬರ್‌ನಲ್ಲಿ! ಮೊರೊಕ್ಕೊ ಕಡೆಯವರು ಕಪ್ಪು ಆಫ್ರಿಕನ್ನರನ್ನು ಚೌಕಿಯ ಹತ್ತಿರವೇ ಬಿಡುತ್ತಿರಲಿಲ್ಲ ಎಂದು ಅರ್ಜಿದಾರರು ಹೇಳಿದರು. ಹಾಗೇ ಇದ್ದರೂ ಅದಕ್ಕೆ ಸ್ಪೇನ್ ಹೊಣೆ ಎಂದು ಸಾಬೀತಾಗಿಲ್ಲ ಎಂದುಬಿಟ್ಟಿತು ಕೋರ್ಟು.

ಆ ತೀರ್ಪು ಬಂದ ಮೇಲೆ ನಮ್ಮ ಕೆಲಸವೇ ಬದಲಾಯಿತು. ಬೇರೊಂದು ಗಡಿಯಿಂದ ಬಂದಿದ್ದ ಒಬ್ಬನನ್ನು 'ಚೌಕಿಗೆ ಹೋಗಿದ್ದೆಯಾ?' ಎಂದು ಕೇಳಿದೆ. 'ಎರಡು ಸಲ ಹೋದೆ, ಎರಡೂ ಸಲ ಅಟ್ಟಿದರು' ಎಂದ. ಯಾವ ದಿನ? ಗೊತ್ತಿಲ್ಲ. ಎಷ್ಟು ಹೊತ್ತಿಗೆ? ನಗಲಾರದೆ ನಕ್ಕ. ಅಂದಿನಿಂದ ಯಾರೇ ಬಂದರೂ ಮೊದಲ ಭೇಟಿಯಲ್ಲೇ ಯೂನಿಫಾರ್ಮಿನ ಬಣ್ಣದವರೆಗೆ ಎಲ್ಲ ಬರೆದಿಡುತ್ತಿದ್ದೆವು.

ಗಡಿಗೆರೆ ಬರೆದದ್ದು:

ಇನ್ನೊಂದು ಮಗ್ಗುಲನ್ನೂ ನೋಡಿ. ಅವತ್ತು ಬೇಲಿಗೆ ನುಗ್ಗಿದವರು ಸುಮಾರು 600 ಜನ. ಒಳಗಿನ, ಹೊರಗಿನ ಬೇಲಿ ಆರಾರು ಮೀಟರ್ ಎತ್ತರ. ಗಡಿ ಕಾಯುವವನು ಬೇಲಿ ಮೇಲಿರುವವರನ್ನು ಒಬ್ಬೊಬ್ಬರಾಗಿ ಸಂದರ್ಶನ ಮಾಡಬೇಕಾ? ಗಡಿ ಅನ್ನುವುದಕ್ಕೆ ಏನಾದರೂ ಅರ್ಥ ಇರಬೇಕಲ್ಲ. ಕೋರ್ಟು ಹೆದರಿತು ಎನ್ನುವುದು ಸುಮ್ನೆ ಮಾತು.

ಅಡಿಟಿಪ್ಪಣಿ ಬರೆದದ್ದು:

ಹೆದರಿತು ಎಂದು ನಾನೂ ಹೇಳುವುದಿಲ್ಲ, ಗಡಿಗೆರೆ ಸರ್. ಬೇಲಿ ಮೇಲೆ ಸಂದರ್ಶನ ಮಾಡಿ ಎಂದು ಯಾರೂ ಕೇಳಿಲ್ಲ. ಕೆಳಗಿಳಿಸಿ, ಹೆಸರು ಬರೆದುಕೊಂಡು, 'ಏನಾದರೂ ಹೇಳುವುದಿದೆಯಾ' ಎಂದು ಕೇಳಬಹುದಿತ್ತು. ಅವತ್ತು ಒಳಬೇಲಿಯ ತುದಿ ಮುಟ್ಟಿದವರು ಸುಮಾರು 75 ಜನ, 600 ಅಲ್ಲ.

ಕರಡುಪ್ರತಿಯವರಿಗೆ ಇನ್ನೊಂದು ಮಾತು. ಎದುರು ಪಕ್ಷದವರು ಗ್ರೀಸನ್ನು ಉದಾಹರಣೆಗೆ ತಂದರೆ ಎಚ್ಚರ. ಗ್ರೀಸ್ ನಾಲ್ಕನೇ ಪ್ರೋಟೋಕಾಲ್‌ಗೆ ಸೇರಿಯೇ ಇಲ್ಲ. ಅಲ್ಲಿನ ಕೇಸುಗಳು 3ನೇ ವಿಧಿಯಂಥ ಬೇರೆ ವಿಧಿಗಳ ಅಡಿಯಲ್ಲೇ ನಡೆಯಬೇಕು. ಏವ್ರೋಸ್ ಗಡಿಯಿಂದ ಟರ್ಕಿಗೆ ತಳ್ಳಿದ್ದಕ್ಕೆ 2025ರ ಜನವರಿಯಲ್ಲಿ ಗ್ರೀಸ್ ಸೋತದ್ದೂ ಹಾಗೇ.

ಕರಡುಪ್ರತಿ ಬರೆದದ್ದು:

ಮೂವರಿಗೂ ಥ್ಯಾಂಕ್ಸ್. ಅಂದರೆ ನೋಡಬೇಕಾದ್ದು ಎರಡು: ಜನ ಯಾರ ಕೈಯಲ್ಲಿದ್ದರು, ಬಾಗಿಲು ನಿಜವಾಗಿ ತೆರೆದಿತ್ತಾ. ಒಂದೇ ಅನುಮಾನ. ಇಟಲಿ ತಾನು ಮುಟ್ಟದೆ ಬೇರೆಯವರ ಕೈಯಿಂದ ಮಾಡಿಸಿದರೆ?

ಅಡಿಟಿಪ್ಪಣಿ ಬರೆದದ್ದು:

ಮಾಡಿಸಿಯೂ ಆಯಿತು, ಕೇಸೂ ಆಯಿತು. 2017ರ ನವೆಂಬರ್ 6ರಂದು ಒಂದು ದೋಣಿ ಮುಳುಗುತ್ತಿತ್ತು. ಕರೆ ತಲುಪಿದ್ದು ರೋಮ್‌ನ ಸಮುದ್ರ ರಕ್ಷಣಾ ಕೇಂದ್ರಕ್ಕೆ. ಬಂದ ಹಡಗುಗಳಲ್ಲಿ ಒಂದು ಲಿಬಿಯಾದ್ದು, ಅದೂ ಇಟಲಿಯೇ ಕೊಟ್ಟಿದ್ದ ಹಡಗು. ಕೆಲವರನ್ನು ಅದು ಲಿಬಿಯಾಕ್ಕೆ ಎಳೆದೊಯ್ದಿತು. 2025ರಲ್ಲಿ ಕೋರ್ಟು, ಅಲ್ಲಿ ಇಟಲಿಯ ಹಿಡಿತ ಇರಲಿಲ್ಲ ಎಂದು ಅರ್ಜಿಯನ್ನು ಬಾಗಿಲಲ್ಲೇ ವಾಪಸ್ ಕಳಿಸಿತು. ಎಸ್.ಎಸ್. ಮತ್ತು ಇತರರು ಎಂದು ಹುಡುಕಿ, ಓದಿ. ಎದುರು ಪಕ್ಷದವರು ಖಂಡಿತ ತರುತ್ತಾರೆ.

ಹಳೇಲಂಗರು ಬರೆದದ್ದು:

ಹಿರ್ಸಿ ಕೇಸಿನವರಿಗೂ ಎಲ್ಲಿಗೆ ಕರೆದೊಯ್ಯುತ್ತಿದ್ದೇವೆ ಎಂದು ಹೇಳಿರಲಿಲ್ಲವಂತೆ. ಹತ್ತು ಗಂಟೆ ಡೆಕ್ ಮೇಲೆ. ಒಬ್ಬನಾದರೂ ಸೂರ್ಯ ಯಾವ ಕಡೆಗಿದ್ದಾನೆ ಎಂದು ನೋಡಿರಲೇಬೇಕು.