ಮೀನಿನ ವಂಶ ಹುಡುಕಲು ಕ್ರೋಮೋಸೋಮೋ, ಡಿಎನ್‌ಎಯೋ?

ಹೊಸಮೀನು: ಎಂಎಸ್ಸಿ ಪ್ರಾಜೆಕ್ಟಿಗೆ ನಾಲ್ಕು ತಿಂಗಳಿದೆ. ರೋಹು, ಕಾಟ್ಲಾ, ಸಾಮಾನ್ಯ ಗೆಂಡೆ, ಮಹಸೀರ್ ಒಂದಕ್ಕೊಂದು ಎಷ್ಟು ಹತ್ತಿರದ ನೆಂಟರು ಅಂತ ನೋಡಬೇಕು. ಕ್ರೋಮೋಸೋಮ್ ಎಣಿಸಲಾ, ಡಿಎನ್‌ಎ ಓದಿಸಲಾ? ಮಾಡಿ ನೋಡಿದವರು ಹೇಳಿ.

ಸ್ಲೈಡಕ್ಕ: ಎಣಿಸುವುದಾದರೆ ಮೀನು ಜೀವಂತ ಇರಲೇಬೇಕು. ನಾನು ಮಾರ್ಕೆಟ್ಟಿನ ಐಸ್ ಮೀನು ತಂದು ಸುಮ್ನೆ ಒಂದು ವಾರ ಹಾಳು ಮಾಡಿಕೊಂಡೆ. ಕೋಶವಿಭಜನೆ ತಡೆಯುವ ಕಾಲ್ಚಿಸಿನ್ ಚುಚ್ಚಿ ಎರಡು ಮೂರು ಗಂಟೆ ನೀರಲ್ಲಿ ಬಿಡಿ. ವಿಭಜನೆ ಆಗುತ್ತಿರುವ ಕೋಶಗಳು ಅಲ್ಲೇ ನಿಲ್ಲುತ್ತವೆ, ಕ್ರೋಮೋಸೋಮ್ ಎಣಿಸೋಕೆ ಕಾಣೋದು ಆಗಲೇ. ಆಮೇಲೆ ಕಿಡ್ನಿಯ ಮುಂಭಾಗ ತೆಗೆಯಿರಿ. ಕೋಶ ಉಬ್ಬಲಿ ಅಂತ ಅದನ್ನು ಪೊಟ್ಯಾಸಿಯಂ ಕ್ಲೋರೈಡ್ ನೀರಲ್ಲಿ ಇಡಬೇಕು, ಜಾಸ್ತಿ ಹೊತ್ತು ಬಿಟ್ಟರೆ ಕೋಶ ಒಡೆದು ಎಲ್ಲ ಚೆಲ್ಲಾಪಿಲ್ಲಿ. ನನಗೆ ರೋಹುವಿನ ಒಂದು ಕೋಶದಲ್ಲಿ 47 ಸಿಕ್ಕಿತು, ಪಕ್ಕದ್ದರಲ್ಲಿ 50. ಏನೋ ಕಂಡುಹಿಡಿದೆ ಅಂತ ಕುಣಿದಿದ್ದೆ! ಹತ್ತಾರು ಕೋಶ ಎಣಿಸಿ, ಹೆಚ್ಚು ಸಲ ಬರುವ ಸಂಖ್ಯೆಯನ್ನೇ ಹಿಡಿಯಿರಿ.

ಕೆರೆಏರಿ: ಸರಿ ಅಕ್ಕ, ಎಣಿಸಿದ ಮೇಲೆ? ರೋಹು 50, ಕಾಟ್ಲಾ 50, ಜೀಬ್ರಾಫಿಶ್ ಕೂಡ 50. ಸಂಖ್ಯೆ ಒಂದೇ ಅಂತ ಅಣ್ಣತಮ್ಮಂದಿರು ಅನ್ನೋಕಾಗಲ್ಲ ಅಲ್ವಾ? ಗೆಂಡೆಯ 100 ಬೇರೆ ಕಥೆ. ಹಿಂದೆ ಎರಡು ಜಾತಿ ಬೆರೆತು, ಎರಡರ ಕ್ರೋಮೋಸೋಮುಗಳೂ ಉಳಿದುಕೊಂಡವು. ಮಹಸೀರಿನದ್ದೂ 100. ನಾನು ಎಡವಿದ್ದು ಇಲ್ಲೇ. ಇಂಥ ಮೀನಲ್ಲಿ ಒಂದೇ ಜೀನಿಗೆ ಎರಡು ಜೊತೆ ಪ್ರತಿ ಇರಬಹುದು. ಗೊತ್ತಿಲ್ಲದೆ ಗೆಂಡೆಯ ಒಂದು ಪ್ರತಿಯನ್ನು ಮಹಸೀರಿನ ಇನ್ನೊಂದು ಪ್ರತಿಗೆ ಹೋಲಿಸಿದೆ. ವಂಶವೃಕ್ಷದಲ್ಲಿ ಗೆಂಡೆ ಎಲ್ಲೋ ಹೋಗಿ ಕೂತಿತು.

ಮರಿಸಾಕಣೆ: ಬಾರ್‌ಕೋಡಿಗೆ, ಅಂದರೆ ಡಿಎನ್‌ಎ ತುಂಡಿನಿಂದ ಜಾತಿ ಗುರುತಿಸೋಕೆ, ಓದಿಸುವ ಸಿಒಐ ಜೀನಿನ (ಕೋಶಕೇಂದ್ರದ ಹೊರಗಿನ ಮೈಟೋಕಾಂಡ್ರಿಯದಲ್ಲಿರುವುದು) ತುಂಡು ಸುಮಾರು 650 ಅಕ್ಷರದ್ದು. ಸುಲಭ, ಆದರೆ ಅದು ತಾಯಿಯಿಂದ ಮಾತ್ರ ಬರುತ್ತದೆ. ನಮ್ಮ ಕೊಳದಲ್ಲಿ ಕಾಟ್ಲಾ ತಲೆ, ರೋಹು ಮೈ ಇರುವ ಮೀನೊಂದಿತ್ತು. ಮಿಶ್ರತಳಿ ಅಂತ ಕಣ್ಣಿಗೇ ಗೊತ್ತಾಗುತ್ತಿತ್ತು. ರಿಪೋರ್ಟ್ ಬಂದಿದ್ದು 'ರೋಹು' ಅಂತ! ಅಪ್ಪನ ಸುದ್ದಿಯೇ ಇಲ್ಲ. ಹಾಗಾಗಿ ಕೋಶಕೇಂದ್ರದ ಒಂದು ಜೀನನ್ನೂ ಓದಿಸಿ.

ಕೆರೆಏರಿ: ಮಹಸೀರ್ ಎಲ್ಲಿಯದು ಅಂತಲೂ ಬರೆದಿಡಿ. ಕಾವೇರಿಯಲ್ಲಿ ಹೊರಗಿನಿಂದ ತಂದು ಬಿಟ್ಟ ಟಾರ್ ಖುದ್ರೀ ಎಂಬ ಮಹಸೀರ್ ಇದೆ. ಅಲ್ಲಿಯದೇ ಆದ ಗೂನುಬೆನ್ನಿನದು ಟಾರ್ ರೆಮಾದೇವಿ ಅಂತ ಗೊತ್ತಾಗಿದ್ದು 2018ರಲ್ಲಿ, ಅದೂ ಮೈಕಟ್ಟು, ಡಿಎನ್‌ಎ ಎರಡನ್ನೂ ಕೂಡಿಸಿ ನೋಡಿದಾಗ. ಅದು ಅಳಿವಿನ ಅಂಚಿನಲ್ಲಿದೆ, ಹಿಡಿಯೋಕೆ ಹೋಗಬೇಡಿ. ಸಾಕಿದ ಮಹಸೀರಿನ ರೆಕ್ಕೆಯ ಚೂರು ಆಲ್ಕೋಹಾಲಲ್ಲಿ ಹಾಕಿ ತಂದರೆ ಡಿಎನ್‌ಎಗೆ ಸಾಕು.

ಹೊಸಮೀನು: ಹಾಗಾದರೆ ಮಹಸೀರಿಗೆ ಡಿಎನ್‌ಎ ಮಾತ್ರ, ಉಳಿದ ಮೂರಕ್ಕೆ ಎರಡೂ. ಸ್ಲೈಡಕ್ಕ, ಪೊಟ್ಯಾಸಿಯಂ ನೀರಲ್ಲಿ ಎಷ್ಟು ನಿಮಿಷ?

ಸ್ಲೈಡಕ್ಕ: ನನಗೆ 25 ಸರಿಹೋಯಿತು. ಮೊದಲ ಮೀನಿಗೆ 20ರಿಂದ ಶುರು ಮಾಡಿ ನೋಡಿ.